ಎಡಿಎಚ್‌ಡಿ: ಇನ್ಶೂರೆನ್ಸ್ ಇಲ್ಲದವರು ಎಲ್ಲಿಗೆ ಹೋಗಬೇಕು?

(ಸೀಬ್‌ನಲ್ಲಿ ಶುಕ್ರವಾರ ಸಂಜೆ ನಡೆದ ಆರೋಗ್ಯ ಮಾಹಿತಿ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

ಹಿರಿಯರೇ, ರುಸೈಲ್‌ನಿಂದ, ಮಬೇಲಾದಿಂದ ಡ್ಯೂಟಿ ಬಟ್ಟೆಯಲ್ಲೇ ಬಂದಿರುವ ಸಹೋದರರೇ, ಮಕ್ಕಳನ್ನು ಕರೆದುಕೊಂಡು ಬಂದ ಸಹೋದರಿಯರೇ,

ಶುಗರ್, ಬಿಪಿ, ಕಿಡ್ನಿ ಕಲ್ಲು ಇವುಗಳ ಬಗ್ಗೆ ನಾವು ಮೊದಲೇ ಮಾತನಾಡಿದ್ದೇವೆ. ಇವತ್ತಿನ ವಿಷಯಕ್ಕೆ ನಮ್ಮ ಮನೆಮಾತಿನಲ್ಲಿ ಸರಿಯಾದ ಹೆಸರಿಲ್ಲ. ಹಾಗಂತ ನಾವು ಹೆಸರಿಡದೆ ಬಿಟ್ಟದ್ದೂ ಇಲ್ಲ. ಉದಾಸೀನದವ, ಜವಾಬ್ದಾರಿ ಇಲ್ಲದವ, ಅಂಡೆಪಿರ್ಕಿ, ಮಂಡೆ ಸಮ ಇಲ್ಲದವ. ಡಾಕ್ಟರರು ಇಟ್ಟ ಹೆಸರು ಎಡಿಎಚ್‌ಡಿ. ಬಿಡಿಸಿ ಹೇಳಿದರೆ, ಗಮನ ಒಂದು ಕಡೆ ನಿಲ್ಲದ, ಒಳಗೆ ಯಾವಾಗಲೂ ಚಡಪಡಿಕೆ ಇರುವ ತೊಂದರೆ. ಹುಟ್ಟಿನಿಂದ ಮಿದುಳು ಬೆಳೆದ ರೀತಿಯಿಂದ ಬರುವಂಥದ್ದು.

ನಮ್ಮ ರೂಮುಗಳಲ್ಲಿ ಇಂಥವರನ್ನು ನೋಡಿದ್ದೇವೆ. ಗ್ಯಾಸ್ ಆಫ್ ಮಾಡಿದೆನಾ ಎಂದು ಅರ್ಧ ದಾರಿಯಿಂದ ವಾಪಸ್ ಬರುವವ. ಬತಾಕ ಎರಡೆರಡು ಸಲ ಕಳೆದುಕೊಂಡವ. ರಾಡಾರ್ ಫೈನ್ ಕಟ್ಟುವುದಕ್ಕೇ ದುಡಿಯುವ ಡ್ರೈವರ್. ಕೈಯಲ್ಲಿ ದುಡ್ಡಿದ್ದೂ ಎಕ್ಸ್‌ಚೇಂಜಿಗೆ ಹೋಗುವುದು ನಾಳೆ, ನಾಳೆ ಎಂದು ವಾರ ದಾಟಿಸಿ ಊರಿನಿಂದ ಬೈಸಿಕೊಳ್ಳುವವ. ಅರ್ಬಾಬ್ ನಾಲ್ಕು ಕೆಲಸ ಹೇಳಿದರೆ ಮೊದಲನೆಯದ್ದೂ ಕಡೆಯದ್ದೂ ಮಾತ್ರ ತಲೆಯಲ್ಲಿ ಉಳಿಯುವವ. ಅದೇ ಹುಡುಗನನ್ನು ಕೆಫೆಟೇರಿಯಾದಲ್ಲಿ ರಶ್ ಟೈಮಿಗೆ ನೋಡಬೇಕು ಮಾರಾಯ್ರೆ, ಮೂರು ಜನರ ಕೆಲಸ ಒಬ್ಬನೇ ಎಳೆಯುತ್ತಾನೆ. ಅದಕ್ಕೇ ನಮಗೆ ಸಿಟ್ಟು ಬರುವುದು. ಬೇಕಾದಾಗ ಮಾಡ್ತಾನಲ್ವಾ, ಬೇಡದಾಗ ನಾಟಕ ಅಂತ. ಅವನಿಗೆ ಗಮನ ಇದೆ, ಆದರೆ ಬೇಕಾದ ಕಡೆ ತಿರುಗಿಸುವ ಸ್ಟೇರಿಂಗ್ ಸಡಿಲ. ಅವಸರದ ಕೆಲಸ ಅವನನ್ನು ತಾನೇ ಹಿಡಿದುಕೊಳ್ಳುತ್ತದೆ, ಲೆಕ್ಕ ಬರೆಯುವುದು, ಫಾರಂ ತುಂಬುವುದು ಹಿಡಿಯುವುದಿಲ್ಲ.

ಇದು ಮೊಬೈಲ್ ಬಂದ ಮೇಲೆ ಬಂದ ರೋಗ ಎಂದು ಹೇಳುವವರಿದ್ದಾರೆ. 1902ರಲ್ಲೇ ಲಂಡನ್‌ನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಎಂದು ತುಂಬ ಕಾಲ ನಂಬಿದ್ದರು. ಹಲವರಲ್ಲಿ ಹೋಗುವುದಿಲ್ಲ. ಓಟ, ಹಾರಾಟ ಕಡಿಮೆಯಾಗಿ ಮರೆವು, ಅವಸರ, ಒಳಗಿನ ಚಡಪಡಿಕೆ ಉಳಿಯುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಎರಡು ಮೂರು ಮಂದಿಗೆ ಇದು ಇರುತ್ತದೆ ಎಂಬುದು ಲೋಕದ ಲೆಕ್ಕ. ಹೆಂಗಸರಿಗೂ ಉಂಟು. ಕ್ಲಾಸಿನಲ್ಲಿ ಗಲಾಟೆ ಮಾಡದೆ ಕಿಟಕಿ ನೋಡುತ್ತಾ ಕೂತ ಹುಡುಗಿಯನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ, ಅಷ್ಟೇ.

ಇನ್ನು, ಮರೆಯುವವರಿಗೆಲ್ಲ ಎಡಿಎಚ್‌ಡಿ ಅಲ್ಲ. ಆರು ಜನರ ರೂಮಿನಲ್ಲಿ ಮೂರು ಶಿಫ್ಟಿನವರು ಮಲಗಿದರೆ ಯಾರಿಗೆ ನಿದ್ದೆ? ನಿದ್ದೆ ಇಲ್ಲದಿದ್ದರೆ ಯಾರಾದರೂ ಮರೆಯುತ್ತಾರೆ. ಥೈರಾಯ್ಡ್, ರಕ್ತ ಕಡಿಮೆ ಇರುವುದು, ಸಾಲದ ಚಿಂತೆ, ಖಿನ್ನತೆ, ಜೋರು ಗೊರಕೆಯ ಜೊತೆ ಉಸಿರು ಕಟ್ಟುವುದು, ಇವೆಲ್ಲ ಇದೇ ವೇಷ ಹಾಕಿಕೊಂಡು ಬರುತ್ತವೆ. ವ್ಯತ್ಯಾಸ ಎಂತ ಎಂದರೆ, ಎಡಿಎಚ್‌ಡಿ ಗಲ್ಫಿಗೆ ಬಂದ ಮೇಲೆ ಶುರುವಾಗುವುದಲ್ಲ. 12 ವರ್ಷದ ಮೊದಲೇ ಅದರ ಗುರುತು ಕಂಡಿರಬೇಕು, ಮತ್ತು ಕೆಲಸದ ಜಾಗದಲ್ಲಿ ಮಾತ್ರ ಅಲ್ಲ, ಮನೆಯಲ್ಲೂ ಕಾಣಬೇಕು. ಡಾಕ್ಟರರು ಹುಡುಕುವುದು ಇದನ್ನೇ. ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಕಂಡುಹಿಡಿಯುತ್ತೇವೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮೊದಲು ಎದ್ದು ಬನ್ನಿ.

ಹಾಗಾದರೆ ಸಾಕ್ಷಿ ಎಲ್ಲಿದೆ? ನಿಮ್ಮ ಉಮ್ಮನ ಹತ್ತಿರ ಇದೆ. ಚಿಕ್ಕವನಿರುವಾಗ ಚಪ್ಪಲಿ ಎಷ್ಟು ಸಲ ಕಳೆದ, ಮದ್ರಸದಲ್ಲಿ ಉಸ್ತಾದ್ ಎಷ್ಟು ಸಲ ಎದ್ದು ನಿಲ್ಲಿಸಿದರು, ಎಲ್ಲ ಅವರಿಗೆ ನೆನಪಿರುತ್ತದೆ. ಅಟ್ಟದ ಟ್ರಂಕಿನಲ್ಲಿ ಹಳೆಯ ಮಾರ್ಕ್ಸ್ ಕಾರ್ಡ್ ಇದ್ದರೆ ಅದರಲ್ಲಿ ಟೀಚರ್ ಬರೆದ ಸಾಲು ಇರಬಹುದು. ಇದಕ್ಕೆ ಒಂದು ಬೈಸವೂ ಖರ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಒಂದು ಪಟ್ಟಿ ಕೂಡ ಉಂಟು, ಅದರ ಮೊದಲ ಆರು ಪ್ರಶ್ನೆ ಮುಖ್ಯ. ಹೌದು ಎಂಬ ಉತ್ತರ ಹೆಚ್ಚು ಬಂದರೆ ರೋಗ ಇದೆ ಎಂದು ತೀರ್ಮಾನವಲ್ಲ, ಡಾಕ್ಟರ ಹತ್ತಿರ ಹೋಗಲು ಕಾರಣ ಉಂಟು ಎಂದರ್ಥ.

ಈಗ ದುಡ್ಡಿನ ಮಾತು. ನಮ್ಮಲ್ಲಿಗೆ ಬರುವವರು ಮೊದಲು ಕೇಳುವುದು, ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆಯಲ್ಲ, ಅದರಲ್ಲಿ ಆಗುವುದಿಲ್ಲವಾ ಎಂದು. ಎಮಿಗ್ರೇಶನ್ ಕ್ಲಿಯರೆನ್ಸ್ ಮಾಡಿಸಿ ಬಂದವರಿಗೆ ಆ ಪಾಲಿಸಿ ಕಡ್ಡಾಯ, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಮರಣವಾದರೆ, ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಒಳ್ಳೆಯದೇ. ಆದರೆ ಅದರ ವೈದ್ಯಕೀಯ ಭಾಗ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಊರಿನ ಆಯುಷ್ಮಾನ್ ಕಾರ್ಡ್ ಕೂಡ ಹಾಗೆಯೇ. ಎಡಿಎಚ್‌ಡಿಗೆ ಯಾರೂ ಅಡ್ಮಿಟ್ ಆಗುವುದಿಲ್ಲ, ಚೀಟಿ ಮಾಡಿಸಿ ಡಾಕ್ಟರನ್ನು ಕಂಡು ಬರುವುದು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಎಂದು ಕಂಪನಿಗಳಿಗೆ ಹೇಳಿದೆ. ಆದ್ದರಿಂದ ಊರಿನಲ್ಲಿ ಮನೆಯವರ ಹೆಸರಿನಲ್ಲಿ ಪಾಲಿಸಿ ತೆಗೆಯುವವರು ಏಜೆಂಟರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಒಪಿಡಿ ಖರ್ಚು ಕೊಡ್ತೀರಾ? ಇಲ್ಲಿ ಕಂಪನಿ ಕಾರ್ಡ್ ಇದ್ದವರೂ ಅದನ್ನೇ ಕೇಳಿ.

ಕಾರ್ಡ್ ಇಲ್ಲದವರು ಎಂತ ಮಾಡುವುದು? ನಮ್ಮ ಅಭಿಪ್ರಾಯ ಇಷ್ಟು. ಸಣ್ಣ ಖರ್ಚಿನ ಕೆಲಸ ಇಲ್ಲಿ ಮಾಡಿ, ದೊಡ್ಡದನ್ನು ಊರಿನಲ್ಲಿ. ಹತ್ತಿರದ ಪಾಲಿಕ್ಲಿನಿಕ್‌ನಲ್ಲಿ ಸಾಮಾನ್ಯ ಡಾಕ್ಟರಿಗೆ ತೋರಿಸಿ ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಅಲ್ಲೇ ಕಾರಣ ಸಿಕ್ಕಿದರೆ ವಿಷಯ ಮುಗಿಯಿತು. ನಮ್ಮ ಸೀಬ್ ವಿಲಾಯತ್ತಿನಲ್ಲೇ ಅಲ್ ಖೌದ್‌ನ ಸುಲ್ತಾನ್ ಖಾಬೂಸ್ ಯೂನಿವರ್ಸಿಟಿ ಆಸ್ಪತ್ರೆ ಇದೆ, ಅಮೆರಾತ್‌ನಲ್ಲಿ ಮನೋರೋಗಕ್ಕೆಂದೇ ಅಲ್ ಮಸರ್ರಾ ಆಸ್ಪತ್ರೆ ಇದೆ. ಆದರೆ ಇವು ರೆಫರ್ ಮಾಡಿಸಿಕೊಂಡು ಹೋಗುವ ದೊಡ್ಡ ಆಸ್ಪತ್ರೆಗಳು. ಖಾಸಗಿ ಮನೋವೈದ್ಯರ ಒಂದೊಂದು ಭೇಟಿಗೂ ಕೈಯಿಂದ ರಿಯಾಲ್ ಕೊಡಬೇಕು, ಒಂದೇ ಭೇಟಿಯಲ್ಲಿ ಮುಗಿಯುವುದೂ ಇಲ್ಲ. ನಮ್ಮ ಒಬ್ಬ ಸಹೋದರ ಇಲ್ಲಿ ಒಂದು ಕ್ಲಿನಿಕ್‌ಗೆ ಹೋಗಿ, ಹತ್ತು ನಿಮಿಷ ಮಾತನಾಡಿ, ವಿಟಮಿನ್ ಮಾತ್ರೆ ಹಿಡಿದುಕೊಂಡು ವಾಪಸ್ ಬಂದರು. ಅದೇ ಮನುಷ್ಯ ರಜೆಯಲ್ಲಿ ಉಮ್ಮನನ್ನೂ ಕರೆದುಕೊಂಡು ಮಂಗಳೂರಿನಲ್ಲಿ ತೋರಿಸಿದಾಗ ಡಾಕ್ಟರ್ ಮುಕ್ಕಾಲು ಗಂಟೆ ಉಮ್ಮನ ಹತ್ತಿರವೇ ಮಾತನಾಡಿದರಂತೆ.

ಊರಿನಲ್ಲಿ ದಾರಿ ಬೇಕಾದಷ್ಟುಂಟು. ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಬೆಂಗಳೂರಿನ ನಿಮ್ಹಾನ್ಸ್. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಎಂಬ ಸರಕಾರಿ ಕಾರ್ಯಕ್ರಮ ಉಂಟು, ನಿಮ್ಮ ತಾಲೂಕಿನಲ್ಲಿ ಯಾವ ಹೊತ್ತಿಗೆ ಎಂದು ಮನೆಯವರು ಮೊದಲೇ ವಿಚಾರಿಸಲಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ಇದೆ, ನಂಬರ್ 14416, ಕನ್ನಡದಲ್ಲೇ ಮಾತನಾಡಬಹುದು. ಊರಿನಲ್ಲಿರುವವರು ಅದಕ್ಕೆ ಫೋನ್ ಮಾಡಿ ಎಲ್ಲಿಗೆ ಹೋಗಬೇಕು ಎಂದು ಕೇಳಲಿ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇವೆ. ಡಾಕ್ಟರ ಹತ್ತಿರ ರಜೆಯ ಮೊದಲ ವಾರ ಹೋಗಿ. ನಾವು ಎಂತ ಮಾಡುತ್ತೇವೆ? ಮದುವೆ, ಔತಣ, ಮನೆ ರಿಪೇರಿ ಎಲ್ಲ ಮುಗಿದು ಟಿಕೆಟ್‌ಗೆ ನಾಲ್ಕು ದಿನ ಇರುವಾಗ ಡಾಕ್ಟರ ನೆನಪಾಗುತ್ತದೆ. ಈ ಮದ್ದು ಹಾಗೆ ಆಗುವುದಿಲ್ಲ. ಅಟಾಮೋಕ್ಸೆಟಿನ್ ಎಂಬ ಮಾತ್ರೆ ನಿಧಾನಕ್ಕೆ ಹಿಡಿಯುವುದು, ಗುಣ ಗೊತ್ತಾಗಲು ಕೆಲವು ವಾರ ಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಎದೆಬಡಿತ ಏರುವುದು ಆಗಬಹುದು, ಡೋಸ್ ನೋಡಿಕೊಂಡು ಹೆಚ್ಚಿಸಬೇಕು. ಅಷ್ಟರಲ್ಲಿ ನೀವು ಊರಿನಲ್ಲೇ ಇದ್ದರೆ ಎರಡನೇ ಸಲ ತೋರಿಸಬಹುದು.

ಇನ್ನೊಂದು ಮಾತ್ರೆ ಮಿಥೈಲ್‌ಫೆನಿಡೇಟ್. ಬೇಗ ಕೆಲಸ ಮಾಡುತ್ತದೆ, ತುಂಬ ಮಂದಿಗೆ ಉಪಕಾರವಾಗಿದೆ. ಆದರೆ ಇದು ನಿಯಂತ್ರಣದ ಮದ್ದು. 1971ರ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಯಲ್ಲಿದೆ, ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್‌ನಲ್ಲಿದೆ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಫೋನಿನಲ್ಲಿ ನೋಡಿ ಇದನ್ನು ಬರೆದುಕೊಡುವ ಹಾಗಿಲ್ಲ. ಒಮಾನ್‌ನ ಮಾದಕವಸ್ತು ಕಾನೂನು ಎಷ್ಟು ಬಿಗಿ ಎಂದು ನಿಮಗೆ ಹೇಳಬೇಕಾಗಿಲ್ಲ. ಒಬ್ಬರು ಕೇಳಿದರು, ಊರಿಂದ ಬರುವ ಗೆಳೆಯನ ಕೈಯಲ್ಲಿ ಹಲ್ವ, ಉಪ್ಪಿನಕಾಯಿ ಜೊತೆ ಎರಡು ಸ್ಟ್ರಿಪ್ ತರಿಸಬಹುದಾ ಎಂದು. ಬೇಡ, ಯಾವ ಕಾರಣಕ್ಕೂ ಬೇಡ. ಪಾರ್ಸೆಲ್ ಹಿಡಿದು ಬಂದವನ ಹೆಸರಿನಲ್ಲಿ ಚೀಟಿ ಇಲ್ಲ, ರೋಗವೂ ಇಲ್ಲ. ಏರ್‌ಪೋರ್ಟಿನಲ್ಲಿ ಅವನು ಎಂತ ಹೇಳುವುದು? ಅವನ ಮನೆಯವರಿಗೆ ನಾವು ಎಂತ ಹೇಳುವುದು? ನಿಮ್ಮದೇ ಮದ್ದಾದರೂ ನಿಮ್ಮ ಬ್ಯಾಗಿನಲ್ಲೇ, ಬಿಚ್ಚದ ಸ್ಟ್ರಿಪ್‌ನಲ್ಲಿ, ಚೀಟಿ ಮತ್ತು ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಪತ್ರದ ಜೊತೆ ಇರಲಿ. ಟಿಕೆಟ್ ಮಾಡುವ ಮೊದಲೇ ಇಲ್ಲಿನ ಆರೋಗ್ಯ ಸಚಿವಾಲಯದಲ್ಲಿ ಅನುಮತಿ ವಿಚಾರಿಸಿ. ಗಲ್ಫಿನಲ್ಲಿ ಇರುವವನು ನಾನು ಎಂದು ಡಾಕ್ಟರಿಗೂ ಮೊದಲೇ ಹೇಳಿ, ಅದನ್ನು ನೋಡಿಯೇ ಅವರು ಮದ್ದು ಆರಿಸುತ್ತಾರೆ. ರಂಝಾನಿನಲ್ಲಿ ಮಾತ್ರೆಯ ಹೊತ್ತು ಹೇಗೆ ಬದಲಾಯಿಸುವುದು ಎಂದೂ ಅದೇ ದಿನ ಕೇಳಿ ಬರೆಸಿಕೊಳ್ಳಿ, ಸ್ವಂತ ತೀರ್ಮಾನದಲ್ಲಿ ನಿಲ್ಲಿಸಬೇಡಿ.

ಮದ್ದು ಸಿಗುವವರೆಗೆ, ಸಿಕ್ಕಿದ ಮೇಲೂ, ರೂಮಿನವರು ಮಾಡಬಹುದಾದದ್ದಿದೆ. ಬಾಗಿಲ ಹತ್ತಿರ ಒಂದು ಮೊಳೆ ಹೊಡೆದು ಬತಾಕ, ಬೀಗದ ಕೈ, ಪರ್ಸ್ ಅಲ್ಲೇ ತೂಗಿಸಿ. ಸಂಬಳದ ದಿನವೇ ಜೊತೆಗೆ ನಡೆದುಕೊಂಡು ಹೋಗಿ ದುಡ್ಡು ಕಳಿಸಿ. ಕೆಲಸ ಒಂದೊಂದೇ ಹೇಳಿ, ಉಳಿದದ್ದನ್ನು ವಾಯ್ಸ್ ಮೆಸೇಜ್ ಮಾಡಿ. ಬೈಯುವುದನ್ನು ಅವನ ಉಮ್ಮ, ಟೀಚರ್, ಉಸ್ತಾದ್ ಎಲ್ಲರೂ ಇಪ್ಪತ್ತು ವರ್ಷ ಮಾಡಿ ನೋಡಿದ್ದಾರೆ, ಫಲ ಎಷ್ಟು ಎಂದು ಕಣ್ಣೆದುರೇ ಉಂಟು.

ಮುಂದಿನ ತಿಂಗಳು ಊರಿಗೆ ಹೋಗುವವರು ಯಾರಾದರೂ ಇದ್ದರೆ ಆ ಆರು ಪ್ರಶ್ನೆಗಳ ಕನ್ನಡ ಹಾಳೆ ನಮ್ಮ ಹತ್ತಿರ ಇದೆ, ತೆಗೆದುಕೊಂಡು ಹೋಗಿ. ಎಲ್ಲರ ಎದುರು ಕೈ ಎತ್ತಿ ಕೇಳಬೇಕಾಗಿಲ್ಲ. ಚಹಾದ ಹೊತ್ತಿಗೆ ನಾವು ಹಿಂದಿನ ಮೇಜಿನ ಹತ್ತಿರ ಇರುತ್ತೇವೆ.