ಮಕ್ಕಳ ಕೈ ಹಿಡಿದು ಲೋಕ ನೋಡೋಣ

(ಸಂಘದ ವಾರ್ಷಿಕ ಪೋಷಕ–ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಅಂಕವನ್ನೂ ಕೊಡುತ್ತೇವೆ. ಆದರೆ ಈ ಗಾದೆಯ ಎರಡನೆಯ ಅರ್ಧಕ್ಕೆ ಕೊಟ್ಟ ಗಮನವನ್ನು ನಾವು ಮೊದಲನೆಯ ಅರ್ಧಕ್ಕೆ ಕೊಟ್ಟಿಲ್ಲ. ಕೋಶ ಓದಿಸಲು ಸಂಘ ಕಟ್ಟಿದ್ದೇವೆ, ವಿದ್ಯಾರ್ಥಿವೇತನ ಕೊಡುತ್ತೇವೆ. ದೇಶ ಸುತ್ತುವುದು ಮಾತ್ರ ಗಂಡಸರ ಉದ್ಯೋಗದ ವಿಷಯ, ಇಲ್ಲವೇ ಹಣವಂತರ ಶೋಕಿ ಎಂದು ಬಿಟ್ಟುಬಿಟ್ಟಿದ್ದೇವೆ. ತಂದೆ ತಾಯಿ ಮಕ್ಕಳು ಒಂದಾಗಿ ಲೋಕ ನೋಡುವುದೂ ತಾಲೀಮಿನ ಒಂದು ಭಾಗವೇ ಎಂಬುದನ್ನು ಈ ದಿನ ನಿಮ್ಮ ಮುಂದಿಡಲು ಬಯಸುತ್ತೇನೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಕನ್ನಡದಲ್ಲಿ ಪ್ರವಾಸ ಕಥನ, ಉರ್ದುವಿನಲ್ಲಿ ಸಫರ್‌ನಾಮಾ. ಎರಡು ಭಾಷೆಯ ಪುಸ್ತಕಗಳನ್ನು ತೆರೆದರೂ ಹೆಚ್ಚಾಗಿ ಕಾಣುವುದು ಒಬ್ಬಂಟಿ ಪ್ರಯಾಣಿಕ. ಪ್ರಯಾಣಿಕರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಇಬ್ನ್ ಬತೂತಾ. 1325ರಲ್ಲಿ, 21ನೆಯ ವಯಸ್ಸಿನಲ್ಲಿ ಮೊರಾಕ್ಕೊದ ತಾಂಜಿಯರ್ ಬಿಟ್ಟ ಆತ ಮರಳಿ ತಾಯ್ನಾಡು ಸೇರಿದ್ದು 1349ರಲ್ಲಿ. ನಮ್ಮ ಕರಾವಳಿಗೂ ಬಂದಿದ್ದ. 1342ರ ಸುಮಾರಿಗೆ ಹೊನ್ನಾವರವನ್ನು ಕಂಡು, ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ದಾಖಲಿಸಿದ. ಸುಮಾರು ಏಳು ನೂರು ವರ್ಷಗಳ ಹಿಂದಿನ ನಮ್ಮ ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣದ ಸುದ್ದಿ ನಮಗೆ ತಿಳಿದಿರುವುದು ಒಬ್ಬ ಪ್ರಯಾಣಿಕ ಕಣ್ಣು ತೆರೆದು ನೋಡಿ ಬರೆಸಿಟ್ಟದ್ದರಿಂದ.

ಆದರೆ ಅದೇ ಇಬ್ನ್ ಬತೂತಾ 1326ರಲ್ಲಿ ಗರ್ಭಿಣಿ ಹೆಂಡತಿಯನ್ನು ದಮಾಸ್ಕಸ್‌ನಲ್ಲಿ ಬಿಟ್ಟು ಹೊರಟಿದ್ದ. 1348ರಲ್ಲಿ ಆ ಊರಿಗೆ ಮರಳಿ ಮಗನ ಬಗ್ಗೆ ವಿಚಾರಿಸಿದಾಗ, ಹುಡುಗ ತೀರಿಕೊಂಡು ಹನ್ನೆರಡು ವರ್ಷವಾಯಿತು ಎಂಬ ಉತ್ತರ ಸಿಕ್ಕಿತು. ಚೀನಾದವರೆಗೂ ಹೋಗಿ ಬಂದವನು ಸ್ವಂತ ಮಗನ ಮುಖ ನೋಡಲಿಲ್ಲ. ಆ ಕಾಲದ ಹಡಗು, ಒಂಟೆ, ರೋಗರುಜಿನಗಳ ನಡುವೆ ಕುಟುಂಬ ಕಟ್ಟಿಕೊಂಡು ತಿರುಗುವುದು ಸುಲಭವಿರಲಿಲ್ಲ, ನಿಜ. ಈಗ ಆ ಮಾತು ಹೇಳುವಂತಿಲ್ಲ.

ನಮ್ಮ ಕಾಲದ ಒಂದು ಕುಟುಂಬದ ಕಥೆ ಕೇಳಿ. ಅರ್ಜೆಂಟೀನಾದ ಹರ್ಮನ್ ಝಾಪ್ ಮತ್ತು ಕಾಂಡೆಲಾರಿಯಾ ಝಾಪ್ ದಂಪತಿ 2000ನೆಯ ಇಸವಿಯ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಿಂದ ಅಲಾಸ್ಕಾಕ್ಕೆಂದು ಹೊರಟರು. ವಾಹನ 1928ರ ಗ್ರಹಾಂ ಪೇಜ್ ಎಂಬ ಹಳೆಯ ಕಾರು. ಆರು ತಿಂಗಳಲ್ಲಿ ಮುಗಿಯಬೇಕಿದ್ದ ಪ್ರಯಾಣ ಮುಗಿದದ್ದು 2022ರ ಮಾರ್ಚ್‌ನಲ್ಲಿ. 22 ವರ್ಷ, ನೂರಕ್ಕೂ ಹೆಚ್ಚು ದೇಶ, ಸುಮಾರು 3,62,000 ಕಿಲೋಮೀಟರ್! ದಾರಿಯಲ್ಲೇ ನಾಲ್ಕು ಮಕ್ಕಳು ಹುಟ್ಟಿದರು. ಒಬ್ಬ ಅಮೆರಿಕದಲ್ಲಿ, ಒಬ್ಬ ಅರ್ಜೆಂಟೀನಾದಲ್ಲಿ, ಮಗಳು ಕೆನಡಾದಲ್ಲಿ, ಕಿರಿಯವನು ಆಸ್ಟ್ರೇಲಿಯಾದಲ್ಲಿ. ಕೈಯಲ್ಲಿದ್ದ ಹಣ ಬೇಗ ಖರ್ಚಾಯಿತು. ತಮ್ಮ ಪ್ರಯಾಣದ ಪುಸ್ತಕ ಬರೆದು, ಅದನ್ನು ಮಾರಿ ಮುಂದಕ್ಕೆ ಸಾಗಿದರು. ಹೋದಲ್ಲೆಲ್ಲ ಅಪರಿಚಿತರು ಮನೆಯ ಬಾಗಿಲು ತೆರೆದರು. ತಾಯಿಯೇ ಶಿಕ್ಷಕಿಯಾಗಿ, ದೂರಶಿಕ್ಷಣದ ನೆರವಿನಿಂದ ಮಕ್ಕಳಿಗೆ ಪಾಠ ಹೇಳಿದಳು.

ಎಲ್ಲರೂ ಹೀಗೆಯೇ ಮಾಡಿ ಎಂದು ನಾನು ಹೇಳುವುದಿಲ್ಲ. ಆ ಪ್ರಯಾಣದಲ್ಲಿ ತಂದೆಗೆ ಮಲೇರಿಯಾ ಬಂದಿತ್ತು. ಊರಿಗೆ ಮರಳುವಾಗ 14 ವರ್ಷದ ಮಗಳು ತನಗೆ ಬೇಕಾದದ್ದು ಬಹಳಷ್ಟು ಸ್ನೇಹಿತರು ಎಂದಳು. ತರಗತಿ, ಗೆಳತಿಯರು, ಆಟದ ಮೈದಾನ ಇವು ಕೊಡುವುದನ್ನು ಯಾವ ರಸ್ತೆಯೂ ಪೂರ್ತಿಯಾಗಿ ಕೊಡಲಾರದು. ಒಬ್ಬ ಶಿಕ್ಷಕಿಯಾಗಿ ಇದನ್ನು ಮುಚ್ಚಿಡಲಾರೆ. ಶಾಲೆ ಬಿಟ್ಟು ಸುತ್ತಿ ಎಂಬುದು ನನ್ನ ಮಾತಲ್ಲ. ಶಾಲೆಗೆ ರಜೆ ಇದ್ದಾಗ ಸುತ್ತಿ. ದೀರ್ಘಕಾಲ ಹೊರಗಿರಲೇಬೇಕಾದ ಕುಟುಂಬಗಳ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯುವ ದಾರಿ ಇದೆ. 1989ರಲ್ಲಿ ಆರಂಭವಾದ ಈ ಸಂಸ್ಥೆಯ ಬಗ್ಗೆ ನಮ್ಮ ಎಷ್ಟೋ ಪೋಷಕರಿಗೆ ಇನ್ನೂ ಮಾಹಿತಿ ಇಲ್ಲ.

ಇನ್ನೊಂದು ಕುಟುಂಬ ಕೆನಡಾದ ಮಾಂಟ್ರಿಯಲ್ ನಗರದ್ದು. ಈಡಿತ್ ಲಮೇ ಮತ್ತು ಸೆಬಾಸ್ಟಿಯನ್ ಪೆಲ್ಟಿಯೆ ದಂಪತಿಯ ನಾಲ್ಕು ಮಕ್ಕಳಲ್ಲಿ ಮೂವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅನುವಂಶಿಕ ಕಣ್ಣಿನ ಕಾಯಿಲೆ. ಮೊದಲು ರಾತ್ರಿಯ ನೋಟ ಮಂದವಾಗುತ್ತದೆ, ಆಮೇಲೆ ದೃಷ್ಟಿಯ ವ್ಯಾಪ್ತಿ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ. ಹಿರಿಯ ಮಗಳಿಗೆ ಈ ಕಾಯಿಲೆ ಇದೆಯೆಂದು ಖಚಿತವಾದದ್ದು 2018ರಲ್ಲಿ. ಮಗಳ ಮನಸ್ಸಿನಲ್ಲಿ ಚಿತ್ರಗಳನ್ನು ತುಂಬಿ, ಪುಸ್ತಕದಲ್ಲಿ ಆನೆ, ಜಿರಾಫೆಗಳನ್ನು ತೋರಿಸಿ ಎಂದು ತಜ್ಞರು ಸಲಹೆ ಕೊಟ್ಟರು. ಪುಸ್ತಕದ ಆನೆ ಏಕೆ, ನಿಜವಾದ ಆನೆಯನ್ನೇ ತೋರಿಸುತ್ತೇನೆ ಎಂದು ತಾಯಿ ನಿರ್ಧರಿಸಿದಳು. ಕೊರೊನಾದಿಂದ ತಡವಾಗಿ, 2022ರ ಮಾರ್ಚ್‌ನಲ್ಲಿ ಆರೂ ಜನ ಹೊರಟರು. ನಮೀಬಿಯಾ, ಜಾಂಬಿಯಾ, ತಾಂಜಾನಿಯಾ, ಟರ್ಕಿ, ಮಂಗೋಲಿಯಾ, ಇಂಡೋನೇಷ್ಯಾ ಎಂದು ಪ್ರಯಾಣ ಮುಂದುವರಿಯಿತು. ಏನೇನು ನೋಡಬೇಕು, ಮಾಡಬೇಕು ಎಂಬ ಪಟ್ಟಿಯಲ್ಲಿ ಮಕ್ಕಳ ಆಸೆಗಳೂ ಇದ್ದವು. ಒಬ್ಬಳಿಗೆ ಕುದುರೆ ಸವಾರಿ ಬೇಕಿತ್ತು. ಅತಿ ಕಿರಿಯವನಿಗೆ ಒಂಟೆಯ ಮೇಲೆ ಕುಳಿತು ಹಣ್ಣಿನ ರಸ ಕುಡಿಯಬೇಕಿತ್ತು! ಅದೇ ಐದು ವರ್ಷದ ಹುಡುಗ ಪ್ರಯಾಣದ ನಡುವೆ, ಕುರುಡಾಗುವುದೆಂದರೆ ಏನು, ನಾನು ದೊಡ್ಡವನಾದ ಮೇಲೆ ಕಾರು ಓಡಿಸಬಹುದೇ ಎಂದು ತಾಯಿಯನ್ನು ಕೇಳಿದ. ಈ ಕುಟುಂಬದ ಕುರಿತು 2024ರಲ್ಲಿ ‘ಬ್ಲಿಂಕ್’ ಎಂಬ ಸಾಕ್ಷ್ಯಚಿತ್ರ ಬಂದಿದೆ.

ಪೋಷಕ ಬಂಧುಗಳೇ, ಆ ತಂದೆ ತಾಯಿಗೆ ಸಮಯ ಎಷ್ಟು ಕಡಿಮೆ ಎಂದು ವೈದ್ಯರು ಹೇಳಿದ್ದರು. ನಮಗೆ ಯಾರೂ ಹೇಳುವುದಿಲ್ಲ, ಅಷ್ಟೆ. ಕಣ್ಣು ಚೆನ್ನಾಗಿರುವ ನಮ್ಮ ಹೆಣ್ಣುಮಕ್ಕಳಿಗೂ ಒಂದು ಗಡುವು ಇದೆ. ಎಂಟನೆಯ ತರಗತಿಯವರೆಗೆ ಶಾಲಾ ಪ್ರವಾಸದ ಪಟ್ಟಿಯಲ್ಲಿ ಹೆಸರು ಬರೆಸುವ ಹುಡುಗಿ ಒಂಬತ್ತನೆಯ ತರಗತಿಗೆ ಬಂದಾಗ ತಲೆ ತಗ್ಗಿಸಿ, ‘ಟೀಚರ್, ಮನೆಯಲ್ಲಿ ಬೇಡ ಅಂದರು’ ಎನ್ನುತ್ತಾಳೆ. ಕಾರಣ ಕೇಳಿದರೆ ಉತ್ತರ ಒಂದೇ: ‘ಮದುವೆ ಆದ ಮೇಲೆ ಗಂಡನ ಜೊತೆ ಹೋಗು ಅಂತಾರೆ.’ ಅವಳ ಅಣ್ಣ ಗೆಳೆಯರೊಂದಿಗೆ ಗೋವಾ ನೋಡಿ ಬಂದಿರುತ್ತಾನೆ. ಮಗಳನ್ನು ಬೇರೆಯವರೊಂದಿಗೆ ಕಳುಹಿಸಲು ಅಂಜಿಕೆ ಎಂದಾದರೆ, ನಿಮ್ಮ ಅಂಜಿಕೆಯನ್ನು ನಾನು ಹಗುರ ಮಾಡುವುದಿಲ್ಲ. ನೀವೇ ಕರೆದುಕೊಂಡು ಹೋಗಿ ಎಂದು ಮಾತ್ರ ಕೇಳುತ್ತೇನೆ. ಅಬ್ಬಾ, ಅಮ್ಮಿ ಜೊತೆಗಿರುವಾಗ ಬೇಡ ಎನ್ನಲು ಯಾವ ಕಾರಣ ಉಳಿಯುತ್ತದೆ?

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಕೊಚ್ಚಿಯ ವಿಜಯನ್ ಮತ್ತು ಮೋಹನಾ ದಂಪತಿ ಒಂದು ಸಣ್ಣ ಚಹಾ ಅಂಗಡಿ ನಡೆಸುತ್ತಿದ್ದರು. ದಿನಕ್ಕೆ 300 ರೂಪಾಯಿ ತೆಗೆದಿಟ್ಟು, ಸಾಲವನ್ನೂ ಮಾಡಿ, ತೀರಿಸಿ, 2021ರಲ್ಲಿ ವಿಜಯನ್ ತೀರಿಕೊಳ್ಳುವ ವೇಳೆಗೆ ಇಬ್ಬರೂ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ನೋಡಿದ್ದರು. ನಮ್ಮಲ್ಲಿ ಒಂದು ಮದುವೆಯ ಒಂದು ಹೊತ್ತಿನ ಊಟಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ನಿಮಗೇ ಗೊತ್ತು. ನಾನು ಹೇಳಬೇಕಾಗಿಲ್ಲ.

ಇನ್ನು ಈಗಾಗಲೇ ಲೋಕ ಕಂಡ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಗಲ್ಫ್‌ನಲ್ಲಿ ದುಡಿಯುವ ತಂದೆಯ ಜೊತೆ ಹೋಗಿ ನೆಲೆಸಿದವರು ಅವರು. ಸೌದಿ ಅರೇಬಿಯಾದಲ್ಲಿ 2017ರ ಜುಲೈನಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ಅದು ವರ್ಷವರ್ಷವೂ ಏರಿ 2020ರಲ್ಲಿ 400ಕ್ಕೆ ಮುಟ್ಟಿತು. ಆಗ ಅನೇಕ ತಾಯಂದಿರು ಮಕ್ಕಳೊಂದಿಗೆ ಊರಿಗೆ ಮರಳಿದರು. ಹಾಗೆ ಜಿದ್ದಾದಿಂದ ಬಂದ ಒಬ್ಬ ಹುಡುಗಿ ನನ್ನ ತರಗತಿ ಸೇರಿದಳು. ನೀನು ಕಂಡ ಊರಿನ ಬಗ್ಗೆ ಪ್ರಬಂಧ ಬರೆ ಎಂದೆ. ಮೂರು ಸಾಲು ಬರೆದಳು: ಫ್ಲ್ಯಾಟ್, ಶಾಲೆಯ ಬಸ್ಸು, ಮಾಲ್. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ, ಮರದ ಕೆತ್ತನೆಯ ಕಿಟಕಿಗಳಿರುವ ಹಳೆಯ ಜಿದ್ದಾ ಅದೇ ನಗರದಲ್ಲಿದೆ. ಆರು ವರ್ಷ ಅಲ್ಲಿದ್ದರೂ ಅವಳು ಅದನ್ನು ನೋಡಿರಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆ: ನಿಮ್ಮ ಬೀದಿಯಲ್ಲಿ ರೊಟ್ಟಿ ಯಾರು ಮಾಡುತ್ತಿದ್ದರು? ಅವಳ ಮುಖ ಅರಳಿತು. ತಮೀಸ್ ರೊಟ್ಟಿ ಸುಡುವ ಅಫಘಾನಿ ಚಾಚಾ, ಆತನ ಉದ್ದನೆಯ ಕಬ್ಬಿಣದ ಕೊಕ್ಕೆ, ಆತ ಊರಿನ ಮಗಳನ್ನು ನೆನೆದು ಇವಳಿಗೆ ಕೊಡುತ್ತಿದ್ದ ಬಿಸಿ ತುಂಡು. ಆ ದಿನ ಎರಡು ಪುಟ ಬರೆದಳು. ಅಂದರೆ ಅವಳು ನೋಡಿದ್ದಳು. ನೀನು ಏನು ನೋಡಿದೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸೂಟ್‌ಕೇಸಿನಂತೆ ಒಯ್ದು ತಂದ ಮಗು ಎಷ್ಟು ದೇಶ ಸುತ್ತಿದರೂ ಏನೂ ಕಲಿಯುವುದಿಲ್ಲ. ಮಗುವಿಗೂ ಪ್ರಯಾಣದಲ್ಲಿ ಒಂದು ಪಾಲು ಬೇಕು. ಎಲ್ಲಿಗೆ ಹೋಗಬೇಕು ಎಂಬ ಮಾತಿನಲ್ಲಿ ಅದನ್ನು ಸೇರಿಸಿಕೊಳ್ಳಿ. ನಕ್ಷೆ ಅದರ ಕೈಗೆ ಕೊಡಿ. ಆ ದೇಶದ ಹಣವನ್ನು ರೂಪಾಯಿಗೆ ಪರಿವರ್ತಿಸುವ ಲೆಕ್ಕ ಅದೇ ಮಾಡಲಿ. ಸಲಾಮು, ಧನ್ಯವಾದ, ನೀರು, ಎಷ್ಟು ಎಂಬ ನಾಲ್ಕು ಪದಗಳನ್ನು ಅಲ್ಲಿಯ ಭಾಷೆಯಲ್ಲಿ ಕಲಿಸಿ. ರಾತ್ರಿ ಮಲಗುವ ಮುನ್ನ ಐದು ಸಾಲು ಬರೆಸಿ. ಉರ್ದುವೋ ಕನ್ನಡವೋ, ಅದರ ಇಷ್ಟ. ದಿನಕ್ಕೆ ಒಂದೇ ದೊಡ್ಡ ಸ್ಥಳ ಸಾಕು. ಮೂರು ಸ್ಥಳ ತೋರಿಸಿದರೆ ಮೂರನೆಯದರಲ್ಲಿ ಮಗು ನಿದ್ದೆ ಮಾಡುತ್ತದೆ, ಅಬ್ಬಾ ಸಿಟ್ಟಾಗುತ್ತಾರೆ.

ತಯಾರಿಯ ಬಗ್ಗೆಯೂ ಎರಡು ಮಾತು. ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು, ಚಿಕ್ಕ ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ. ಆರು ತಿಂಗಳ ಅವಧಿ ಉಳಿದಿರದ ಪಾಸ್‌ಪೋರ್ಟನ್ನು ಬಹಳ ದೇಶಗಳು ಒಪ್ಪುವುದಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಮಗುವಿನ ಹೆಸರಿನ ಕಾಗುಣಿತ ಒಂದೇ ಇರಲಿ. ನಮ್ಮ ಹೆಸರುಗಳಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ಎಷ್ಟು ಅಲೆದಾಟವಾಗುತ್ತದೆ ಎಂಬುದನ್ನು ಪ್ರತಿ ವರ್ಷ ಶಾಲೆಯಲ್ಲಿ ನೋಡುತ್ತೇನೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು ಕನಿಷ್ಠ ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು.

ಪರದೇಶ ಈಗ ಸಾಧ್ಯವಿಲ್ಲ ಎನ್ನುವವರು ಹತ್ತಿರದಿಂದ ಆರಂಭಿಸಿ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ. ಬೀದರ್‌ಗೆ ಹೋಗಿ. 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದ ಮುಂದೆ ಮಕ್ಕಳನ್ನು ನಿಲ್ಲಿಸಿ. ಇರಾನಿನಿಂದ ಬಂದ ಒಬ್ಬ ವ್ಯಾಪಾರಿ ಬಹಮನಿ ರಾಜ್ಯದ ಪ್ರಧಾನಿಯಾಗಿ, ನಮ್ಮ ನೆಲದಲ್ಲಿ ಮೂರಂತಸ್ತಿನ ವಿದ್ಯಾಲಯ ಕಟ್ಟಿಸಿದ್ದನ್ನು ತೋರಿಸಿ. ಗೋಡೆಯ ಮೇಲೆ ಉಳಿದಿರುವ ನೀಲಿ ಹೆಂಚುಗಳ ಕಲೆ ಎಲ್ಲಿಂದ ಬಂತು ಎಂದು ಮಗು ಕೇಳಿದರೆ, ಲೋಕ ಪ್ರಯಾಣ ಅಲ್ಲಿಂದಲೇ ಶುರುವಾಯಿತೆಂದು ತಿಳಿಯಿರಿ.

ಕೊನೆಯದಾಗಿ ಸಂಘಕ್ಕೆ ಒಂದು ಮನವಿ. ಬರುವ ವರ್ಷದಿಂದ ಈ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ಮಕ್ಕಳ ಸಫರ್‌ನಾಮಾಕ್ಕೆ ಮೀಸಲಿಡಿ. ದುಬೈಯಿಂದ ಬಂದವರೂ ಬರೆಯಲಿ, ಬೀದರ್‌ನಿಂದ ಬಂದವರೂ ಬರೆಯಲಿ. ವಿದ್ಯಾರ್ಥಿನಿಯರೇ, ಮೊದಲ ಬರಹ ನಿಮ್ಮಿಂದ ಬರಬೇಕೆಂಬುದು ನನ್ನ ಆಸೆ. ಅದಕ್ಕೆ ನಿಮ್ಮನ್ನು ಕರೆದೊಯ್ಯಬೇಕಾದವರು ಈ ಸಭೆಯಲ್ಲೇ ಕುಳಿತಿದ್ದಾರೆ. ಬೇಸಿಗೆ ರಜೆ ದೂರವಿಲ್ಲ. ಇಂದು ರಾತ್ರಿಯೇ ಮನೆಯಲ್ಲಿ ಮಾತು ತೆಗೆಯಿರಿ.