ಕಂಡಿ ಕಟ್ಟಿ ಕಾಣುವ ವಿದ್ಯೆ

ತಲ್ಲೂರಿನ ಬಯಲಲ್ಲಿ ಗದ್ದೆಯಿಂದ ಗದ್ದೆಗೆ ನೀರಿಳಿಯುವುದು ಅಂಚಿನ ಕಂಡಿಗಳಿಂದ. ಯಾವ ಕಂಡಿ ಯಾವ ಗದ್ದೆಯನ್ನು ಸಲಹುತ್ತಿದೆಯೆಂದು ತಿಳಿಯದೆ ಹೋದಾಗ ನಮ್ಮ ಅಜ್ಜಯ್ಯ ಹಾರೆಯಿಂದ ಒಂದು ಹೆಂಟೆ ಕೆಸರನ್ನೆತ್ತಿ ಅದರ ಬಾಯಿಗೆ ಮೆತ್ತಿ, "ಕಂಡಿ ಕಟ್ಟಿ ಕಾಣ್, ಎಲ್ಲಿ ಒಣಗತ್ ಅಂದೇಳಿ ಗೊತ್ತಾತ್ತ್" ಎನ್ನುತ್ತಿದ್ದರು. ವಂಶವಾಹಿಯೊಂದನ್ನು ಮೌನಗೊಳಿಸಿ ಅದರ ಕಾರ್ಯವನ್ನರಿಯುವ ಪ್ರಯೋಗಶಾಲೆಯ ಕ್ರಮವನ್ನು ಕುರಿತು ಓದುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ಕೆಸರಿನ ಹೆಂಟೆಯೇ.

ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಸೂಕ್ಷ್ಮಾಂಗಕ್ಕೆ ಮೈಟೊಕಾಂಡ್ರಿಯವೆಂದು ಕಾರ್ಲ್ ಬೆಂಡಾ ಹೆಸರಿಟ್ಟದ್ದು 1898ರಲ್ಲಿ. ಅದಕ್ಕೆ ಸ್ವಂತ ಡಿಎನ್‌ಎ ಉಂಟೆಂಬುದು 1963ರಲ್ಲಿ ತಿಳಿಯಿತು. 1981ರಲ್ಲಿ ಮನುಷ್ಯನ ಆ ಡಿಎನ್‌ಎಯ 16,569 ಜೋಡಿ ಅಕ್ಷರಗಳನ್ನೂ ಓದಿದ್ದಾಯಿತು. ಅಲ್ಲಿರುವ ವಂಶವಾಹಿಗಳು 37, ಅವುಗಳಲ್ಲಿ ಪ್ರೋಟೀನನ್ನು ಕಟ್ಟುವಂಥವು 13 ಮಾತ್ರ. ಮಿಕ್ಕ ಸಾವಿರದಷ್ಟು ಪ್ರೋಟೀನುಗಳು ಕೋಶಕೇಂದ್ರದ ಅಪ್ಪಣೆಯಂತೆ ಹೊರಗೆ ಸಿದ್ಧವಾಗಿ ಒಳಕ್ಕೆ ಬರತಕ್ಕವು. ಎಂದರೆ ಬಿತ್ತನೆಯ ಬೀಜಕ್ಕೂ ಒಡೆಯರ ಕಣಜವನ್ನೇ ನೆಚ್ಚಿಕೊಂಡ ಗೇಣಿ ಒಕ್ಕಲಿನ ಸಂಸಾರ ಅದು.

ನಮ್ಮ ನಾಡಿನಲ್ಲಿ ಈ ವಿಚಾರ ಕೈಹಿಡಿದದ್ದು ರೋಗದ ದಾರಿಯಿಂದ. ಕೇಸರಿ ಬೇಳೆಯನ್ನು ಬಹುಕಾಲ ಉಂಡವರ ಕಾಲು ಸೆಟೆದುಹೋಗುವುದುಂಟಷ್ಟೆ. ಆ ಬೇಳೆಯ ವಿಷವು ನರಕೋಶಗಳ ಮೈಟೊಕಾಂಡ್ರಿಯದ ಮೊದಲನೆಯ ಕಿಣ್ವಸಂಕೀರ್ಣವನ್ನೇ ಕುಂದಿಸುತ್ತದೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 1998ರಲ್ಲಿ ತೋರಿದರು. ಪಾರ್ಕಿನ್ಸನ್ ರೋಗದಲ್ಲಿಯೂ ಕುಂದುವುದು ಅದೇ ಸಂಕೀರ್ಣ. ಅದನ್ನು ಕಾಯುವವರಾರು? ಗ್ಲುಟಾರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿನ ಮೇಲೆ ಅವರ ಅನುಮಾನ ಹರಿಯಿತು. 2003ರಲ್ಲಿ ಅವರ ತಂಡವು ಅದರ ಸಂದೇಶಕ್ಕೆ ಎದುರಾಗಿ ಜೋಡಿಕೊಳ್ಳುವ ಚಿಕ್ಕ ಡಿಎನ್‌ಎ ತುಣುಕುಗಳನ್ನು ಇಲಿಗಳಿಗೆ ಕೊಟ್ಟು ನೋಡಲು, ಬೇರೊಂದು ವಿಷದಿಂದ ಕುಗ್ಗಿದ್ದ ಸಂಕೀರ್ಣವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಕಂಡಿ ಸಿಕ್ಕಿತು. ಆದರೆ ಇಂಥ ತುಣುಕುಗಳು ಬಹುಬೇಗ ಕರಗಿಹೋಗತಕ್ಕವು. ಮಳೆಗೆ ತೊಳೆದುಹೋಗುವ ಹೆಂಟೆಯಂತೆ ಮತ್ತೆ ಮತ್ತೆ ಮೆತ್ತುತ್ತಲೇ ಇರಬೇಕು.

ಇಷ್ಟರಲ್ಲಿ ಹೊರಗಿನ ಲೋಕದಲ್ಲಿ ಎರಡು ಉಪಾಯಗಳು ಒದಗಿದ್ದವು. ವಿಭಜನೆ ಹೊಂದದ ನರಕೋಶದೊಳಕ್ಕೂ ವಂಶವಾಹಿಯನ್ನು ಒಯ್ಯುವಂತೆ, ಏಡ್ಸ್‌ನ ವೈರಸ್ಸಿನ ಹಲ್ಲು ಕಿತ್ತು, ಅದನ್ನು ಹೊರೆಯಾಳಾಗಿಸಿದ್ದು 1996ರಲ್ಲಿ. ಜೋಡಿ ಎಳೆಯ ಆರ್‌ಎನ್‌ಎ ವಂಶವಾಹಿಯ ಬಾಯಿಕಟ್ಟುವುದೆಂದು ಫೈರ್ ಮತ್ತು ಮೆಲೊ ಹುಳುವೊಂದರಲ್ಲಿ ಕಂಡದ್ದು 1998ರಲ್ಲಿ; ಅದಕ್ಕೆ 2006ರ ನೊಬೆಲ್ ಬಂದಿತು. ಇವೆರಡೂ ಕೂಡಿದಾಗ, ಹೇರ್‌ಪಿನ್ನಿನಂತೆ ಮಡಿಚಿಕೊಂಡ ಆರ್‌ಎನ್‌ಎಯನ್ನು ಕೋಶವು ತಾನೇ ತಯಾರಿಸುತ್ತಿರುವಂತೆ ವೈರಸ್ಸಿನ ಮೂಲಕ ಆದೇಶ ಕಳುಹಿಸುವುದು ಸಾಧ್ಯವಾಯಿತು. ಅಷ್ಟು ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ರವೀಂದ್ರನಾಥರ ತಂಡವು ಇದೇ ವಿಧದಿಂದ, ಇಲಿಯ ನಡುಮಿದುಳಿನ ಒಂದು ಪಕ್ಕದಲ್ಲಿ ಮಾತ್ರ ಗ್ಲುಟಾರೆಡಾಕ್ಸಿನ್‌ 1ನ್ನು ತಗ್ಗಿಸಿ, 2020ರಲ್ಲಿ ಫಲವನ್ನು ಪ್ರಕಟಿಸಿತು: ಅಲ್ಲಿಯ ಡೋಪಮಿನ್ ಕೋಶಗಳು ಅಳಿದವು, ಇಲಿಗಳ ಚಲನೆ ಕೆಟ್ಟಿತು. ಒಂದೇ ಕಂಡಿಯನ್ನು ಕಟ್ಟಿ ಇನ್ನೊಂದನ್ನು ಹರಿಯಗೊಟ್ಟು ನೋಡುವ ಆ ವಿವೇಕ ನನಗೆ ಬಹಳ ಮೆಚ್ಚಿಗೆಯಾಯಿತು.

ಇದೆಲ್ಲ ಹೊರಗಿನ ಕಣಜಕ್ಕೆ ಹಾಕಿದ ಬೀಗ. ಮೈಟೊಕಾಂಡ್ರಿಯದ ಒಳಮನೆಗೆ ಈ ಬಗೆಯ ಆರ್‌ಎನ್‌ಎಯನ್ನು ದಾಟಿಸುವುದು ಸುಲಭವಲ್ಲ. 2020ರಲ್ಲಿಯೇ ಅಮೆರಿಕದಲ್ಲಿ ಡೇವಿಡ್ ಲಿಯು ಮತ್ತು ಸಂಗಡಿಗರು ಬ್ಯಾಕ್ಟೀರಿಯದ ವಿಷಕಿಣ್ವವೊಂದನ್ನು ಪಳಗಿಸಿ ಆ ಡಿಎನ್‌ಎಯಲ್ಲಿಯೇ ಅಕ್ಷರವನ್ನು ತಿದ್ದಿದರು. ಕೇಂಬ್ರಿಜ್‌ನವರು 2022ರಲ್ಲಿ ಆ ಸಾಧನವನ್ನು ನಿರುಪದ್ರವಿಯಾದ ವೈರಸ್ಸಿನ ಬೆನ್ನಿಗೇರಿಸಿ ಇಲಿಯ ಹೃದಯಕ್ಕೆ ಕಳುಹಿಸಿದ್ದಲ್ಲದೆ, ಇಲಿಯ ಆ 13 ವಂಶವಾಹಿಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಹೆಂಟೆಯನ್ನು ಸಿದ್ಧಪಡಿಸಿಟ್ಟರು.