ನಮ್ಮ ಹಿರೀಕರ ಮಣ್ಣು ಯಾರ ಲೆಕ್ಕದಲ್ಲಿದೆ?



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೇಲಿ ಕನ್ನಡ ಆಡೋ ದೇವಾಂಗರು, ಒಕ್ಕಲಿಗರು, ಅನುಪ್ಪರು, ಲಿಂಗಾಯತರು ತಲೆಮಾರುಗಳಿಂದ ಇದ್ದೀವಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೂಡ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯದ ಗಡಿ ಆಮೇಲೆ ಬಂತು. ನಮ್ಮ ಹಿರೀಕರು ಅದಕ್ಕೂ ಮೊದಲೇ ಇಲ್ಲಿ ಮಣ್ಣಾಗಿದ್ರು. ಆದ್ರೆ ಅವರನ್ನ ಹೂಳಿದ ಜಾಗ ಇವತ್ತು ಯಾರ ಲೆಕ್ಕದಲ್ಲಿದೆ?

"ಅಜ್ಜನ ಕಾಲದಿಂದ ನಮ್ಮದೇ" ಅಂತ ಎಲ್ರೂ ಹೇಳ್ತೀವಿ. ರಸ್ತೆ ಅಗಲ ಮಾಡೋವಾಗ, ಪಕ್ಕದಲ್ಲಿ ಲೇಔಟ್ ಬಂದಾಗ ಆ ಮಾತು ನಡೆಯಲ್ಲ. ಸರ್ವೆ ನಂಬರ್ ಕೇಳ್ತಾರೆ.

ಹಾಗಾಗಿ ಮೊದಲ ಕೆಲಸ, ನಿಮ್ಮೂರ ಸುಡುಗಾಡಿನ ಸರ್ವೆ ನಂಬರ್ ಹುಡುಕಿ. ತಮಿಳುನಾಡು ಕಂದಾಯ ಇಲಾಖೆಯ ವೆಬ್‌ಸೈಟಲ್ಲಿ ಆ ನಂಬರ್ ಹಾಕಿದ್ರೆ ಎ-ರಿಜಿಸ್ಟರ್ ನೋಡಬಹುದು. ಅಲ್ಲಿ ಏನು ಬರೆದಿದೆ? ಬರೀ ಪೊರಂಬೋಕಾ? ಮಯಾನವಾ? ತಮಿಳಿನಲ್ಲಿ ಸುಡೋ ಜಾಗ ಸುಡುಕಾಡು, ಹೂಳೋ ಜಾಗ ಇಡುಕಾಡು. ಸುಡು, ಇಡು ಎರಡೂ ನಮ್ಮ ಕಿವಿಗೆ ಹೊಸದಲ್ಲ. ಆದ್ರೆ ನಾವು ಎರಡಕ್ಕೂ ಸುಡುಗಾಡು ಅಂದುಬಿಡ್ತೀವಿ. ಲಿಂಗಾಯತರು ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂರಿಸಿ ಹೂಳೋರು. ಅಂಥ ಊರಲ್ಲಿ ರಿಜಿಸ್ಟರಿನ ಪದ ಯಾವುದು ಅಂತ ನೋಡಲೇಬೇಕು. ಜಾಗದ ಹೆಸರೇ ಇಲ್ಲ ಅಂದ್ರೆ ಊರವರೆಲ್ಲ ಸಹಿ ಹಾಕಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ರಸೀದಿ ಇಟ್ಕೊಳ್ಳಿ. ಉತ್ತರ ಬರಲಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

"ನಮ್ಮ ತೋಟದಲ್ಲೇ ಮಾಡ್ಕೊತೀವಿ ಬಿಡಿ" ಅನ್ನೋರೂ ಇದ್ದಾರೆ. 1999ರ ತಮಿಳುನಾಡು ಗ್ರಾಮ ಪಂಚಾಯ್ತಿ ನಿಯಮಗಳ ಪ್ರಕಾರ ಖಾಸಗಿ ಜಾಗವಾದ್ರೂ ಹೊಸದಾಗಿ ಸುಡುಗಾಡು ಮಾಡೋಕೆ ಪಂಚಾಯ್ತಿ ಲೈಸೆನ್ಸ್ ಬೇಕು. ಮನೆ, ಕುಡಿಯೋ ನೀರಿನ ಮೂಲದಿಂದ 90 ಮೀಟರ್ ಒಳಗೆ ಅದು ಸಿಗಲ್ಲ. ಹೊಸ ಜಾಗ ಸಿಗೋದು ಇಷ್ಟು ಕಷ್ಟ ಇರೋವಾಗ ಇರೋದನ್ನ ಕಳ್ಕೊಬಾರದು.

ಎರಡನೇ ಕೆಲಸ, ಸತ್ತವರ ಹೆಸರು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ 21 ದಿನದೊಳಗೆ ಮಾಹಿತಿ ಕೊಟ್ರೆ ಶುಲ್ಕ ಇಲ್ಲ. ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕು. ಹಳ್ಳೀಲಿ ವಿ.ಎ.ಓ. ಹತ್ರ ಹೋದಾಗ ಒಂದು ವಿಷಯ ಮರೀಬೇಡಿ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ಅಲ್ಲಿಂದ ಇಂಗ್ಲಿಷಿಗೆ ಹೋಗೋವಾಗ ನಮ್ಮ ಬಸಮ್ಮಜ್ಜಿ 'ಪಸಮ್ಮಾಳ್' ಆಗಿಬಿಡಬಹುದು. ಆಧಾರ್‌ನಲ್ಲಿ ಒಂದು, ಪಟ್ಟಾದಲ್ಲಿ ಒಂದು, ಮರಣ ಪತ್ರದಲ್ಲಿ ಇನ್ನೊಂದು ಆದ್ರೆ ವಾರಸುದಾರಿಕೆ ಸರ್ಟಿಫಿಕೇಟಿಗೆ ಮನೆಯವರು ಅಲೀಬೇಕು. ಫಾರಂ ತುಂಬೋವಾಗಲೇ ಆಧಾರ್ ಮುಂದಿಟ್ಟು ಓದಿಸಿ. ತಪ್ಪಾಗಿದ್ರೂ ಹೆದರಬೇಡಿ, ಅದೇ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ತಿದ್ದುಪಡಿಗೆ ದಾರಿ ಇದೆ.

ಇನ್ನು ಸಮಾಧಿ ಕಲ್ಲು. ಅದರ ಮೇಲೆ ತಮಿಳು ಇರಲಿ, ಜೊತೆಗೆ ಕನ್ನಡದಲ್ಲೂ ಹೆಸರು ಕೆತ್ತಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಳೇ ಕಲ್ಲುಗಳು ಸವೆಯೋ ಮೊದಲು ಫೋಟೋ ತೆಗೆದು, ಹೆಸರು, ಇಸವಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಓದಕ್ಕೆ ಬರದಿದ್ರೆ ಮನೇಲಿರೋ ಅಜ್ಜ ಅಜ್ಜೀನ ಕರ್ಕೊಂಡು ಹೋಗಿ.

ಒಂದು ಮಾತು ಖಂಡಿತವಾಗಿ ಹೇಳ್ತೀವಿ. ನಾವು ಕೇಳ್ತಿರೋದು ದಾಖಲೆ, ಜಾತಿಗೊಂದು ಬೇಲಿ ಅಲ್ಲ. ಊರ ಸುಡುಗಾಡಿಗೆ ದಲಿತರ ಹೆಣ ಬರಬಾರದು ಅನ್ನೋರ ಜೊತೆ ನಾವಿಲ್ಲ. ಭಾಷೆಯ ಹಕ್ಕು ಕೇಳೋರು ಇನ್ನೊಬ್ಬರ ಹಕ್ಕಿಗೆ ಅಡ್ಡ ನಿಲ್ಲಬಾರದು.

2022ರಿಂದ ತಮಿಳುನಾಡಲ್ಲಿ ನವೆಂಬರ್ 1ಕ್ಕೂ ಗ್ರಾಮಸಭೆ ನಡೆಸ್ತಾರೆ. ನಮ್ಮ ರಾಜ್ಯೋತ್ಸವದ ದಿನವೇ! ಬಾವುಟ ಹಾರಿಸಿ, ಸಿಹಿ ಹಂಚಿ, ಆಮೇಲೆ ಸೀದಾ ಗ್ರಾಮಸಭೆಗೆ ಹೋಗಿ. ಸುಡುಗಾಡಿನ ಸರ್ವೆ ನಂಬರ್ ಹೇಳಿ, ಅಳತೆ ಮಾಡಿಸಿ ಕಲ್ಲು ನೆಡಿಸಬೇಕು ಅಂತ ತೀರ್ಮಾನ ಬರೆಸಿ. ತಾಳವಾಡಿ, ಹೊಸೂರು ಕಡೆಯ ಗೆಳೆಯರೂ ನಿಮ್ಮ ಊರಲ್ಲಿ ಇದನ್ನೇ ಮಾಡಿ.